ಇಂಚರಳ ಹೆಸರಿನಲ್ಲಿ ಹೋದ ಮಾತು

2021ರ ಮೇ ತಿಂಗಳಲ್ಲಿ ಮಲೇಷಿಯಾದ ಪೆನಾಂಗಿನಲ್ಲಿ ಮತ್ತೆ ಲಾಕ್‌ಡೌನ್ ಬಂದಾಗ, ಬಯಾನ್ ಲೆಪಾಸಿನ ಆ ಒಂಬತ್ತನೇ ಮಹಡಿಯ ಮನೆಯಲ್ಲಿ ಇದ್ದವರು ಇಬ್ಬರೇ. ತ್ರಿವಿಕ್ರಮ, ಮತ್ತು ಅವನ ಹದಿಮೂರು ವರ್ಷದ ಮಗಳು ಇಂಚರ. ಹೆಂಡತಿ ಜಲಜಾ ಮಾರ್ಚಿನಲ್ಲಿ ತನ್ನ ಅಕ್ಕ ವಾರಿಜಾಳ ಆಪರೇಷನ್ನಿಗೆಂದು ಮೈಸೂರಿಗೆ ಹೋಗಿದ್ದಳು. ಏಪ್ರಿಲ್ ಕೊನೆಗೆ ವಾಪಸ್ ಬರಲು ಟಿಕೆಟ್ ಮಾಡಿಸಿದ್ದಳು. ಅದೇ ವಾರ ಮಲೇಷಿಯಾ ಇಂಡಿಯಾದಿಂದ ಬರುವವರನ್ನೆಲ್ಲ ನಿಲ್ಲಿಸಿತು. ಜಲಜಾ ಅಲ್ಲೇ ಉಳಿದಳು.

ತ್ರಿವಿಕ್ರಮ ಚಿಪ್ ಕಾರ್ಖಾನೆಯೊಂದರಲ್ಲಿ ಟೆಸ್ಟ್ ಎಂಜಿನಿಯರ್. ಒಂದು ವಾರ ಕಾರ್ಖಾನೆ, ಒಂದು ವಾರ ಮನೆಯಿಂದ ಕೆಲಸ. ಮನೆಯಲ್ಲಿರುವ ವಾರ ಬೆಳಿಗ್ಗೆ ಅನ್ನಕ್ಕಿಟ್ಟು, ಸಾರು ಮಾಡಿ, ಮಗಳನ್ನು ಎಬ್ಬಿಸಿ ಆನ್‌ಲೈನ್ ಕ್ಲಾಸಿಗೆ ಕೂರಿಸುತ್ತಿದ್ದ. ಕಾರ್ಖಾನೆಯ ವಾರ ಬಂತೆಂದರೆ ಕೆಳಗಿನ ತಮಿಳರ ಅಂಗಡಿಯಿಂದ ಟಪಾವು, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಸಿ ತಂದ ಊಟ. ಇಂಚರ ಏನನ್ನೂ ದೂರುತ್ತಿರಲಿಲ್ಲ. ಅವಳಿಗಿದ್ದ ಕೊರಗು ಒಂದೇ. ನಾಲ್ಕು ವರ್ಷದಿಂದ ಆಡುತ್ತಿದ್ದ ಕೆಳಗಿನ ಟೆನಿಸ್ ಕೋರ್ಟಿಗೆ ಬೀಗ ಬಿದ್ದಿತ್ತು. ಗೇಟಿನ ಅಡ್ಡ ಕೆಂಪು ಬಿಳಿ ಪಟ್ಟಿ ಬೇರೆ ಸುತ್ತಿದ್ದರು.

ಆಡುವುದು ನಿಂತ ಮೇಲೆ ತಂದೆ ಮಗಳಿಬ್ಬರೂ ನೋಡುವುದಕ್ಕೆ ಅಂಟಿಕೊಂಡರು. ದೊಡ್ಡ ಪಂದ್ಯಗಳನ್ನು ಎಲ್ಲರೂ ನೋಡುತ್ತಾರೆ. ಇವರು ನೋಡುತ್ತಿದ್ದದ್ದು ಯುರೋಪಿನ ಸಣ್ಣಪುಟ್ಟ ಊರುಗಳ ಟೂರ್ನಮೆಂಟು. ಅಲ್ಲಿ ಬೆಳಿಗ್ಗೆ ಹತ್ತಕ್ಕೆ ಆಟ ಶುರುವಾದರೆ ಇಲ್ಲಿ ಮಧ್ಯಾಹ್ನ ನಾಲ್ಕು ಗಂಟೆ, ಕ್ಲಾಸು ಮುಗಿಯುವ ಹೊತ್ತು. ಒಂದೇ ಕ್ಯಾಮೆರಾ, ಕಾಮೆಂಟರಿ ಇಲ್ಲ, ಪ್ರೇಕ್ಷಕರು ಮೊದಲೇ ಇಲ್ಲ. ಕೆಂಪು ಮಣ್ಣಿನ ಅಂಗಳ, ಇಬ್ಬರು ಹುಡುಗಿಯರು, ಚೆಂಡಿನ ಸದ್ದು. ಊಟದ ಟೇಬಲ್ಲಿನ ಮೇಲೆ ಟ್ಯಾಬ್ಲೆಟ್ಟನ್ನು ಉಪ್ಪಿನಕಾಯಿ ಜಾಡಿಗೆ ಒರಗಿಸಿ ಇಬ್ಬರೂ ಪಕ್ಕಪಕ್ಕ ಕೂರುತ್ತಿದ್ದರು. ಅವನು ಕನ್ನಡದಲ್ಲಿ ಏನಾದರೂ ಕೇಳುತ್ತಿದ್ದ, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಆ ಮನೆಯಲ್ಲಿ ಮಾತು ನಡೆಯುತ್ತಿದ್ದದ್ದೇ ಹಾಗೆ.

ಇಂಚರಳಿಗೆ ಗೊತ್ತಿಲ್ಲದ ಸಂಗತಿ ಟೇಬಲ್ಲಿನ ಕೆಳಗಿತ್ತು. ಅವಳು ಆಟ ನೋಡುವಾಗ ತ್ರಿವಿಕ್ರಮನ ತೊಡೆಯ ಮೇಲೆ ಅವನ ಫೋನು ಇರುತ್ತಿತ್ತು. ಅದರಲ್ಲಿ ಬೆಟ್ಟಿಂಗ್ ಆ್ಯಪ್. ಹಿಂದಿನ ವರ್ಷ ಜೊತೆಯಲ್ಲಿ ಕೆಲಸ ಮಾಡುವ ಕಿರಣ ತೋರಿಸಿಕೊಟ್ಟಿದ್ದ. ಅಲ್ಲಿ ಆಟ ನಡೆಯುತ್ತಿರುವಾಗಲೇ ಈ ಗೇಮ್ ಯಾರಿಗೆ, ಈ ಸೆಟ್ ಯಾರಿಗೆ ಎಂದು ಬೆಟ್ ಕಟ್ಟಬಹುದು. ಮೊದಮೊದಲು ಅದು ಭಾನುವಾರದ ಮೋಜು. ಕಿರಣ ಎರಡು ತಿಂಗಳಿಗೆ ಬೇಸರ ಬಂದು ಬಿಟ್ಟ. ತ್ರಿವಿಕ್ರಮ ಬಿಡಲಿಲ್ಲ. ಯಾರ ಮೊದಲ ಸರ್ವ್ ಎಷ್ಟು ಬೀಳುತ್ತದೆ, ಯಾರು ಮೂರನೇ ಸೆಟ್ಟಿನಲ್ಲಿ ಸುಸ್ತಾಗುತ್ತಾರೆ ಎಂಬುದನ್ನೆಲ್ಲ ಗಮನಿಸಿ ಊಹಿಸುವುದು ಅವನ ಬುದ್ಧಿಗೆ ಹಿಡಿಸಿತು. ಅದಕ್ಕಿಂತ ಹೆಚ್ಚಾಗಿ, ಆ ದಿನಗಳಲ್ಲಿ ಯಾವುದಕ್ಕೂ ಕೊನೆ ಎಂಬುದಿರಲಿಲ್ಲ. ಲಾಕ್‌ಡೌನ್ ಯಾವಾಗ ಮುಗಿಯುತ್ತದೆ, ಜಲಜಾ ಯಾವಾಗ ಬರುತ್ತಾಳೆ, ಯಾರೂ ಹೇಳುವಂತಿರಲಿಲ್ಲ. ಟೆನಿಸ್ ಮಾತ್ರ ಎರಡು ಗಂಟೆಯೊಳಗೆ ಗೆಲುವೋ ಸೋಲೋ ಒಂದನ್ನು ಹೇಳಿ ಮುಗಿಯುತ್ತಿತ್ತು.

ಇಂಚರಳಿಗೆ ಅಚ್ಚುಮೆಚ್ಚಿನ ಆಟಗಾರ್ತಿಯೊಬ್ಬಳಿದ್ದಳು. ಹೆಸರು ಮಿರ್ನಾ ಸೆಲಾಕ್. ಬಾಲ್ಕನ್ ಕಡೆಯ ಸಣ್ಣ ದೇಶದವಳು, ಇಪ್ಪತ್ತಾರು ವರ್ಷ, ರ‍್ಯಾಂಕಿಂಗ್ ನಾನೂರರ ಆಚೆ. ಎಡಗಾಲಿಗೆ ಯಾವಾಗಲೂ ಮೊಣಕಾಲಿನಿಂದ ಕೆಳಗೆ ಟೇಪು ಸುತ್ತಿರುತ್ತಿದ್ದಳು. ಪಾಯಿಂಟ್ ಹೋದಾಗ ರ‍್ಯಾಕೆಟ್ ಎಸೆಯುವವಳಲ್ಲ. ಬೇಲಿಯ ಹತ್ತಿರ ಹೋಗಿ ತನ್ನಷ್ಟಕ್ಕೆ ಏನೋ ಹೇಳಿಕೊಂಡು ಬರುತ್ತಿದ್ದಳು. ಇಂಚರ ಇನ್‌ಸ್ಟಾಗ್ರಾಂನಲ್ಲಿ ಅವಳಿಗೆ ಒಮ್ಮೆ ಬರೆದಿದ್ದಳು, ಸರ್ವ್ ಮಾಡುವಾಗ ಚೆಂಡು ತಲೆಯ ಹಿಂದಕ್ಕೆ ಹೋಗುತ್ತದೆ, ಏನು ಮಾಡಲಿ ಎಂದು. ಉತ್ತರ ಬರಬಹುದೆಂದು ಅಪ್ಪ ಮಗಳು ಯಾರೂ ಎಣಿಸಿರಲಿಲ್ಲ. ಎರಡು ದಿನಕ್ಕೆ ಬಂತು. ಗೋಡೆಗೆ ಬೆನ್ನು ಕೊಟ್ಟು ನಿಂತು ಚೆಂಡು ಎಸೆದು ಅಭ್ಯಾಸ ಮಾಡು, ಹಿಂದಕ್ಕೆ ಹೋದರೆ ಗೋಡೆಯೇ ಹೇಳುತ್ತದೆ, ಎಂದು ಬರೆದಿದ್ದಳು. ಆಮೇಲೆ ಒಂದು ವಾರ ನಡುಮನೆಯ ಗೋಡೆಯ ಪಕ್ಕ ಚೆಂಡು ಬೀಳುವ ಸದ್ದೇ ಸದ್ದು.

ಮೇ ಹದಿನಾಲ್ಕಕ್ಕೆ, ಶುಕ್ರವಾರ, ಮೈಸೂರಿನಲ್ಲಿ ವಾರಿಜಾಳ ಗಂಡ ಶಿವಪ್ಪ ತೀರಿಕೊಂಡರು. ಕೊರೋನಾ ಬಂದು ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಆಪರೇಷನ್ ಆಗಿ ಇನ್ನೂ ಸರಿಯಾಗಿ ಎದ್ದು ಓಡಾಡದ ವಾರಿಜಾ ಗಂಡನ ಮುಖ ನೋಡಲಿಲ್ಲ. ಯಾರೋ ಸ್ವಯಂಸೇವಕರು ಸುಟ್ಟರು. ಅವರು ಕಳಿಸಿದ ವಿಡಿಯೋವನ್ನು ಜಲಜಾ ಇಲ್ಲಿಗೂ ಕಳಿಸಿದಳು. ಇಂಚರ ಪೂರ್ತಿ ನೋಡಿದಳು, ದೊಡ್ಡಪ್ಪ ಎಂದು ಒಂದೇ ಒಂದು ಸಲ ಅಂದಳು. ತ್ರಿವಿಕ್ರಮ ಅರ್ಧಕ್ಕೇ ಎದ್ದು ಬಾಲ್ಕನಿಗೆ ಹೋದ. ಅವನ ಮದುವೆಗೆ ಛತ್ರ ಹುಡುಕಿದವರಿಂದ ಹಿಡಿದು ಮಲೇಷಿಯಾಕ್ಕೆ ಹೊರಟಾಗ ವಿಮಾನ ನಿಲ್ದಾಣಕ್ಕೆ ಬಿಟ್ಟವರ ತನಕ ಎಲ್ಲ ಶಿವಪ್ಪನವರೇ.

ಬುಧವಾರ ಮಿರ್ನಾಳ ಎರಡನೇ ಸುತ್ತಿನ ಪಂದ್ಯವಿತ್ತು. ಇಬ್ಬರೂ ಎಂದಿನಂತೆ ಕೂತರು. ಮೊದಲ ಸೆಟ್ ಅವಳಿಗೆ, ಎರಡನೆಯದರಲ್ಲೂ 5–2. ತ್ರಿವಿಕ್ರಮ ಟೇಬಲ್ಲಿನ ಕೆಳಗೆ, ಮಿರ್ನಾ ಗೆಲ್ಲುತ್ತಾಳೆಂದು, ಅದುವರೆಗೆ ಯಾವತ್ತೂ ಕಟ್ಟದಷ್ಟು ದೊಡ್ಡ ಮೊತ್ತ ಕಟ್ಟಿದ. ಆ ತಿಂಗಳ ಸಂಬಳದ ಹೆಚ್ಚುಭಾಗ. ಯಾಕೆ ಎಂದು ಯಾರಾದರೂ ಕೇಳಿದ್ದರೆ, ಇದು ಖಂಡಿತ ಎನ್ನುತ್ತಿದ್ದ. ಆ ವಾರದಲ್ಲಿ ಖಂಡಿತವಾದ ಒಂದೇ ಒಂದು ಸಂಗತಿ ಅವನಿಗೆ ಬೇಕಾಗಿತ್ತು.

ಮುಂದಿನ ಗೇಮಿನಲ್ಲಿ ಮಿರ್ನಾ ಎಡಗಾಲು ಹಿಡಿದುಕೊಂಡಳು. ಫಿಸಿಯೋ ಬಂದು ಟೇಪು ಬದಲಿಸಿದ. ಆಮೇಲೆ ಅವಳು ಓಡಲೇ ಇಲ್ಲ, ನಿಂತಲ್ಲಿಂದಲೇ ಹೊಡೆದಳು. 5–3, 5–4, 5–5, ಕೊನೆಗೆ ಆ ಸೆಟ್ಟೂ ಹೋಯಿತು. ಮೂರನೇ ಸೆಟ್ಟಿನ ಕೊನೆಗೆ ಎರಡು ಡಬಲ್ ಫಾಲ್ಟು, ಮ್ಯಾಚು ಹೋಯಿತು. ಅಷ್ಟಾದರೂ ಅರ್ಧಕ್ಕೆ ಬಿಡದೆ ಆಡಿ ಮುಗಿಸಿ, ನೆಟ್ಟಿನ ಹತ್ತಿರ ಕುಂಟುತ್ತ ಬಂದು ಎದುರಾಳಿಯ ರ‍್ಯಾಕೆಟ್ಟಿಗೆ ತನ್ನ ರ‍್ಯಾಕೆಟ್ ತಾಗಿಸಿದಳು. ಇಂಚರ ಕಣ್ಣೊರೆಸಿಕೊಂಡು ಟ್ಯೂಷನ್ ಕ್ಲಾಸಿಗೆಂದು ಲ್ಯಾಪ್‌ಟಾಪ್ ಹಿಡಿದು ರೂಮಿಗೆ ಹೋದಳು.

ಟ್ಯಾಬ್ಲೆಟ್ಟು ಟೇಬಲ್ಲಿನ ಮೇಲೇ ಇತ್ತು. ತ್ರಿವಿಕ್ರಮ ಇನ್‌ಸ್ಟಾಗ್ರಾಂ ತೆರೆದ. ಮಿರ್ನಾಳ ಹೆಸರು ಮೇಲೆಯೇ ಇತ್ತು. ಇಂಗ್ಲಿಷಿನಲ್ಲಿ ಮೂರು ಸಾಲು ಬರೆದ. ನೀನು ದುಡ್ಡು ತಿಂದು ಮ್ಯಾಚ್ ಬಿಟ್ಟೆ. ಆ ಕಾಲು ಪೂರ್ತಿ ಮುರಿದು ಹೋಗಲಿ. ನಿನ್ನ ಮನೆಯವರೆಲ್ಲ ಕೊರೋನಾ ಬಂದು ಸಾಯಲಿ. ಬರೆದು ಕಳಿಸಿದ. ಕಳಿಸಿದ ಮೇಲೆ ಎದೆಯ ಭಾರ ಇಳಿದಂತಾಯಿತು. ಅಡುಗೆಮನೆಗೆ ಹೋಗಿ ಅಕ್ಕಿ ತೊಳೆದ.

ಅದು ಮಗಳ ಖಾತೆ ಎಂದು ಗೊತ್ತಿರಲಿಲ್ಲವೇ? ಎಷ್ಟೋ ದಿನ ಆದಮೇಲೆ ಅವನು ತನ್ನನ್ನೇ ಹೀಗೆ ಕೇಳಿಕೊಂಡದ್ದುಂಟು. ಮೂಲೆಯಲ್ಲಿ ಗುಂಡಗೆ ಅವಳ ಸಣ್ಣ ಫೋಟೋ ಇತ್ತು. ನೋಡಲಿಲ್ಲ ಎಂದು ಹೇಳಿಕೊಳ್ಳುವ ಧೈರ್ಯ ಅವನಿಗೆ ಬರಲಿಲ್ಲ.

ಮರುದಿನ ಹತ್ತು ಗಂಟೆಗೆ, ಕ್ಲಾಸಿನ ಬಿಡುವಿನಲ್ಲಿ ಇಂಚರ ಟ್ಯಾಬ್ಲೆಟ್ ಹಿಡಿದು ಬಂದಳು. ಆ ಮೂರು ಸಾಲಿನ ಕೆಳಗೆ ಮಿರ್ನಾಳ ಉತ್ತರವಿತ್ತು. ಇಂಚರಾ, ಇದು ನೀನೇ ಬರೆದದ್ದೇ ಎಂದು ಕೇಳಿದ್ದಳು. ಬೇರೆ ಯಾರಾದರೂ ಆಗಿದ್ದರೆ ಪಾಸ್‌ವರ್ಡ್ ಬದಲಿಸು. ನೀನೇ ಆಗಿದ್ದರೆ, ನನಗೆ ದುಃಖವಾಗಿದೆ. ಇಂಥವು ನಮಗೆ ಪ್ರತಿ ಸೋಲಿಗೆ ಹತ್ತಾರು ಬರುತ್ತವೆ, ಎಲ್ಲದರ ಮೇಲೂ ದೂರು ಕೊಡುತ್ತೇವೆ. ನೀನು ಚಿಕ್ಕವಳೆಂದು ಇದರ ಮೇಲೆ ಕೊಟ್ಟಿಲ್ಲ. ಇನ್ನು ಮುಂದೆ ನನಗೆ ಬರೆಯಬೇಡ. ಅಷ್ಟು ಬರೆದು ಅವಳು ಇಂಚರಳನ್ನು ಬ್ಲಾಕ್ ಮಾಡಿದ್ದಳು.

ತ್ರಿವಿಕ್ರಮ ಓದಿದ. ಬಾಯಿಗೆ ಬಂದದ್ದು ಒಂದೇ ಮಾತು, ಯಾರೋ ಹ್ಯಾಕ್ ಮಾಡಿರಬೇಕು.

ಇಂಚರ ಅದನ್ನು ನಂಬಿದಳು. ಅನುಮಾನ ಪಟ್ಟಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸಿದಳು. ಕಂಪ್ಯೂಟರ್ ಟೀಚರಿಗೆ ಬರೆದು, ಹ್ಯಾಕ್ ಆದದ್ದನ್ನು ಸಾಬೀತು ಮಾಡುವುದು ಹೇಗೆಂದು ಕೇಳಿದಳು. ಮಧ್ಯಾಹ್ನದ ಊಟಕ್ಕೆ ಬರಲಿಲ್ಲ. ನಾಲ್ಕು ಗಂಟೆಗೆ ಅವನು ರೂಮಿನ ಬಾಗಿಲಲ್ಲಿ ನಿಂತು ನೋಡಿದಾಗ ಆ ಟೂರ್ನಮೆಂಟಿನ ಕಚೇರಿಗೆ ಇಮೇಲ್ ಬರೆಯುತ್ತಿದ್ದಳು. ನನ್ನ ಹೆಸರು ಇಂಚರ, ನನಗೆ ಹದಿಮೂರು ವರ್ಷ, ಮಿರ್ನಾ ಸೆಲಾಕ್ ಅವರಿಗೆ ಇದನ್ನು ತಲುಪಿಸಬೇಕು, ನಾನು ಯಾವತ್ತೂ ಅಂಥ ಮಾತು ಆಡುವವಳಲ್ಲ, ನಮ್ಮ ದೊಡ್ಡಪ್ಪ ಹೋದ ವಾರ ಅದೇ ಕಾಯಿಲೆಯಲ್ಲಿ ತೀರಿಕೊಂಡಿದ್ದಾರೆ. ಪರದೆಯ ಮೇಲೆ ಅಲ್ಲಿಯವರೆಗೆ ಬಂದಿತ್ತು. ಮುಂದಿನ ಸಾಲು ಶುರುವಾಗಿತ್ತು, ನನ್ನ ಖಾತೆಯನ್ನು ಯಾರೋ...

ತ್ರಿವಿಕ್ರಮ ಅವಳ ಮಂಚದ ತುದಿಯಲ್ಲಿ ಕೂತ.

"ಆ ಸಾಲು ಅಳಿಸು ಮರಿ," ಎಂದ. "ಯಾರೂ ಹ್ಯಾಕ್ ಮಾಡಿಲ್ಲ. ನಾನೇ ಬರೆದದ್ದು."

ಅವಳು ತಿರುಗಿ ನೋಡಿದಳು. ತಮಾಷೆ ಇರಬಹುದೇ ಎಂದು ಅವನ ಮುಖದಲ್ಲಿ ಹುಡುಕಿದಳು. ಅವನು ಎಲ್ಲವನ್ನೂ ಹೇಳಿದ, ಆ್ಯಪ್ಪು, ಬೆಟ್ಟು, ನಿನ್ನೆ ಹೋದದ್ದು. ಎಷ್ಟು ಹೋಯಿತು ಎಂದು ಅವಳು ಕೇಳುತ್ತಾಳೆಂದುಕೊಂಡಿದ್ದ. ಅವಳು ಕೇಳಿದ್ದು ಬೇರೆ, ಅದೂ ಕನ್ನಡದಲ್ಲಿ, ಒಂದೊಂದೇ ಪದ ಹುಡುಕಿ.

"ನಾವು ಒಟ್ಟಿಗೆ ಕೂತು ನೋಡ್ತಿದ್ವಲ್ಲ, ಆಗೆಲ್ಲಾ?"

"ಹೂಂ."

"ಎಲ್ಲಾ ಮ್ಯಾಚೂ?"

"ಹೆಚ್ಚೂಕಡಿಮೆ ಎಲ್ಲಾ."

ಅವಳು ಲ್ಯಾಪ್‌ಟಾಪನ್ನು ಅವನ ಕಡೆಗೆ ತಿರುಗಿಸಿ, ಹಾಗಾದರೆ ನೀನೇ ಬರಿ ಎಂಬಂತೆ ಕುರ್ಚಿ ಬಿಟ್ಟು ಎದ್ದಳು.

ಅವನು ಬರೆದ. ಎರಡು ಗಂಟೆ ಹಿಡಿಯಿತು. ಮೊದಲ ಸಲ ಬರೆದದ್ದರಲ್ಲಿ ಲಾಕ್‌ಡೌನಿನ ಒತ್ತಡ, ಮನೆಯಲ್ಲಾದ ಸಾವು ಎಲ್ಲ ಬಂದಿತ್ತು. ಓದಿ ನೋಡಿದಾಗ ಶಿವಪ್ಪನವರನ್ನು ಅಡ್ಡ ನಿಲ್ಲಿಸಿಕೊಂಡು ತಾನು ಹಿಂದೆ ಅಡಗಿದಂತೆ ಕಂಡಿತು. ಅದನ್ನೆಲ್ಲ ತೆಗೆದ. ಉಳಿದದ್ದು ಆರು ಸಾಲು. ಆ ಮಾತು ನನ್ನದು, ನನ್ನ ಮಗಳದ್ದಲ್ಲ. ನಾನು ನಿಮ್ಮ ಮೇಲೆ ಬೆಟ್ ಕಟ್ಟಿ ಸೋತಿದ್ದೆ. ನನ್ನ ಬಗ್ಗೆ ದೂರು ಕೊಡುವುದಾದರೆ ಇದು ನನ್ನ ಹೆಸರು, ಇದು ವಿಳಾಸ. ಇಂಚರ ಓದಿದಳು. ಕೊನೆಯಲ್ಲಿ ಕ್ಷಮೆ ಕೇಳಿದ ಸಾಲಿನಲ್ಲಿ ‘ಏನಾದರೂ ನೋವಾಗಿದ್ದರೆ’ ಎಂದಿದ್ದುದರ ಮೇಲೆ ಬೆರಳಿಟ್ಟಳು. ಅವನು ‘ನೋವು ಮಾಡಿದ್ದಕ್ಕೆ’ ಎಂದು ತಿದ್ದಿ ಕಳಿಸಿದ.

ಸಂಜೆ ಜಲಜಾಳಿಗೆ ಫೋನ್ ಮಾಡಿ ಅವಳಿಗೂ ಹೇಳಿದ. ಹಣದ ವಿಷಯಕ್ಕೆ ಅವಳು ಒಂದು ನಿಟ್ಟುಸಿರು ಬಿಟ್ಟಳು, ಅಷ್ಟೆ. ಬರೆದ ಮಾತು ಏನೆಂದು ಮತ್ತೊಮ್ಮೆ ಹೇಳಿಸಿದಳು. ಫೋನಿನಲ್ಲಿ ಅವಳ ಹಿಂದಿನಿಂದ ವಾರಿಜಾ ಯಾರೊಂದಿಗೋ ಮಾತಾಡುವುದು ಕೇಳಿಸುತ್ತಿತ್ತು.

"ಭಾವ ಹೋಗಿ ಐದು ದಿನ ಆಗಿತ್ತು," ಎಂದಳು ಜಲಜಾ. "ಅದೂ ಗೊತ್ತಿದ್ದು ಹೇಗೆ ಬರೆದೆ?"

ಅಕ್ಕನಿಗೆ ಇದನ್ನು ಹೇಳಬೇಡ ಎಂದು ಅವನು ಬೇಡಿಕೊಂಡ. ಹೇಳುವುದಿಲ್ಲ ಎಂದಳು.

ನಾಲ್ಕು ದಿನ ಕಳೆದ ಮೇಲೆ ಟೂರ್ನಮೆಂಟಿನವರಿಂದ ಒಂದು ಸಾಲಿನ ಉತ್ತರ ಬಂತು. ನಿಮ್ಮ ಪತ್ರ ತಲುಪಿದೆ, ಆಟಗಾರ್ತಿಗೆ ಕಳಿಸಿದ್ದೇವೆ. ಮಿರ್ನಾಳಿಂದ ಏನೂ ಬರಲಿಲ್ಲ. ಯಾರೂ ದೂರು ಕೊಟ್ಟಂತೆಯೂ ಕಾಣಲಿಲ್ಲ. ತ್ರಿವಿಕ್ರಮ ಆ್ಯಪ್ಪನ್ನು ಮಗಳ ಎದುರಿಗೇ ತೆಗೆದುಹಾಕಿದ. ಅವಳು ನೋಡುತ್ತ ನಿಂತಿದ್ದಳೇ ಹೊರತು ಸರಿ ಎನ್ನಲಿಲ್ಲ. ಕೆಲವು ವಾರ ನಾಲ್ಕು ಗಂಟೆ ಆಯಿತೆಂದರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಪಾತ್ರೆ ತೊಳೆಯುತ್ತಿದ್ದ, ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದ. ಒಮ್ಮೆ ತಡೆಯಲಾರದೆ ಕಿರಣನಿಗೆ ಫೋನ್ ಮಾಡಿ ಒಂದು ಗಂಟೆ ಏನೇನೋ ಮಾತಾಡಿದ. ಕಿರಣ ಯಾಕೆ ಎಂದು ಕೇಳದೆ ಕೇಳಿಸಿಕೊಂಡ. ಅದೊಂದು ಉಪಕಾರ.

ಸೆಪ್ಟೆಂಬರಿನಲ್ಲಿ ಜಲಜಾ ಬಂದಳು. ಕ್ವಾರಂಟೈನಿನ ಹೋಟೆಲಿನಲ್ಲಿ ಎರಡು ವಾರ ಕಳೆದು ಮನೆ ಸೇರಿದಳು. ತುಂಬ ಇಳಿದುಹೋಗಿದ್ದಳು. ಮನೆ ಮತ್ತೆ ಮನೆಯಂತಾಯಿತು. ಇಂಚರ ಊಟಕ್ಕೆ ಬರುತ್ತಿದ್ದಳು, ಲೆಕ್ಕ ಹೇಳಿಸಿಕೊಳ್ಳುತ್ತಿದ್ದಳು, ಅಮ್ಮ ನಗಿಸಿದರೆ ನಗುತ್ತಿದ್ದಳು. ಟೆನಿಸ್ ಮಾತ್ರ ರೂಮಿನ ಬಾಗಿಲು ಹಾಕಿಕೊಂಡು ನೋಡುತ್ತಿದ್ದಳು. ಅಕ್ಟೋಬರಿನಲ್ಲಿ ಕೋರ್ಟ್ ತೆರೆದಾಗ ಎದುರಿನ ಬ್ಲಾಕಿನ ವಿಸ್ಮಯಾಳ ಜೊತೆ ಆಡಲು ಹೋಗತೊಡಗಿದಳು. ತ್ರಿವಿಕ್ರಮ ನಾನೂ ಬರಲೇ ಎಂದು ಕೇಳಲಿಲ್ಲ.

ಡಿಸೆಂಬರಿನ ಒಂದು ಭಾನುವಾರ ವಿಸ್ಮಯಾಳಿಗೆ ಜ್ವರ. ಇಂಚರ ರ‍್ಯಾಕೆಟ್ ಹಿಡಿದು ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಅಪ್ಪನ ಕಡೆ ಪೂರ್ತಿ ತಿರುಗದೆ, ಚೆಂಡು ಎಸೆದುಕೊಡಲು ಬರುತ್ತೀಯಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಅವನು ಚಪ್ಪಲಿ ಬಿಟ್ಟು ಶೂ ಹಾಕಿಕೊಳ್ಳುವಷ್ಟರಲ್ಲಿ ಅವಳು ಲಿಫ್ಟಿನ ಹತ್ತಿರ ಹೋಗಿಯಾಗಿತ್ತು. ಕೆಳಗೆ ಒಂದು ಗಂಟೆ ಬುಟ್ಟಿಯಿಂದ ಒಂದೊಂದೇ ಚೆಂಡು ತೆಗೆದು ಎಸೆದ, ಅವಳು ಹೊಡೆದಳು. ಏಳು ತಿಂಗಳಲ್ಲಿ ಅವಳು ಎತ್ತರವಾಗಿದ್ದಳು, ಫೋರ್‌ಹ್ಯಾಂಡಿಗೆ ಬಲ ಬಂದಿತ್ತು. ಚೆನ್ನಾಗಿ ಹೊಡೆದೆ ಎಂದು ಎರಡು ಸಲ ಹೇಳಬೇಕೆನಿಸಿತು, ಹೇಳಲಿಲ್ಲ. ಬೆವರು ಕಣ್ಣಿಗಿಳಿಯುತ್ತಿತ್ತು. ಮುಗಿದ ಮೇಲೆ ಇಬ್ಬರೂ ಆ ತುದಿ ಈ ತುದಿಯಿಂದ ಚೆಂಡು ಆರಿಸಿ ತಂದು ಬುಟ್ಟಿಗೆ ಹಾಕಿದರು.

ಲಿಫ್ಟಿನಲ್ಲಿ ಮಾಸ್ಕ್ ಹಾಕಿಕೊಂಡು ನಿಂತಾಗ ಅವಳು, ಮಿರ್ನಾ ಜನವರಿಯಲ್ಲಿ ಮತ್ತೆ ಆಡುತ್ತಾಳಂತೆ, ಕಾಲು ವಾಸಿಯಾಗಿದೆ ಎಂದಳು. ಅವನು ತಲೆಯಾಡಿಸಿದ.

"ನಾನು ರೂಮಲ್ಲೇ ನೋಡ್ತೀನಿ ಅಪ್ಪಾ," ಎಂದಳು, ಮೆಲ್ಲಗೆ, ಕನ್ನಡದಲ್ಲಿ.

"ಸರಿ ಮರಿ," ಎಂದ ತ್ರಿವಿಕ್ರಮ.

ಒಂಬತ್ತನೇ ಮಹಡಿ ಬಂತು. ಚೆಂಡಿನ ಬುಟ್ಟಿಯನ್ನು ಅವಳ ಕೈಯಿಂದ ಇಸಿದುಕೊಂಡು, ಅವಳನ್ನು ಮುಂದೆ ಬಿಟ್ಟು, ಅವನು ಹಿಂದೆ ನಡೆದ.