ನಲಿಕಲಿ ಕೋಣೆಯ ನೀಲಿ ಅಂಗೈ

ಚುನಾವಣೆ ಬಂತೆಂದರೆ ದಾಕ್ಷಾಯಣಿಗೆ ಶಾಲೆಯ ಗೋಡೆಗಳೆಲ್ಲ ಶತ್ರುಗಳಾಗಿ ಕಾಣುತ್ತಿದ್ದವು. ಭದ್ರಾವತಿಯ ಆ ಸರ್ಕಾರಿ ಶಾಲೆಗೆ ಅವಳು ಮುಖ್ಯ ಶಿಕ್ಷಕಿ. ಶಾಲೆ ಮತಗಟ್ಟೆಯಾಗುವಾಗ ಗೋಡೆಗಳ ಮೇಲೆ ಯಾವ ಪಕ್ಷದ ಗುರುತೂ ಕಾಣದಂತೆ ನೋಡಿಕೊಳ್ಳಬೇಕಾದವಳು ಅವಳೇ. ಕಳೆದ ಚುನಾವಣೆಯಲ್ಲಿ ವರ್ಣಮಾಲೆಯ ‘ಕ’ ಪಕ್ಕದ ಕಮಲವನ್ನು ಮುಚ್ಚಲು ಮರೆತು ನೋಟಿಸು ಪಡೆದಿದ್ದಳು. ಮಕ್ಕಳು ವರ್ಷವಿಡೀ ನೋಡಿದರೆ ಅಕ್ಷರ, ದೊಡ್ಡವರು ಒಂದು ದಿನ ನೋಡಿದರೆ ಅಪರಾಧ! ಏನೇ ಆಗಲಿ, ನೋಟಿಸು ನೋಟಿಸೇ. ಅಂದಿನಿಂದ ಸಾಹೇಬರು ಒಂದು ಹೇಳಿದರೆ ಇವಳು ಎರಡು ಮಾಡುವವಳಾದಳು.

ಈ ಸಲ ಮತದಾನಕ್ಕೆ ಮುಂಚೆ ತಪಾಸಣೆಗೆ ಬಂದ ಅಧಿಕಾರಿ ಚಿಕ್ಕ ಮಕ್ಕಳ ನಲಿಕಲಿ ಕೋಣೆಯ ಗೋಡೆಯೆದುರು ನಿಂತು ಹುಬ್ಬೇರಿಸಿದರು. ಹಿಂದೊಂದು ಮಕ್ಕಳ ದಿನಾಚರಣೆಯಂದು ಒಂದನೇ ತರಗತಿಯ ಮಕ್ಕಳೆಲ್ಲ ಅಂಗೈಗೆ ಬಣ್ಣ ಹಚ್ಚಿಕೊಂಡು ಆ ಗೋಡೆಗೆ ಒತ್ತಿದ್ದರು.

“ಏನ್ ಮೇಡಂ ಇದು, ಗೋಡೆ ತುಂಬಾ ಹಸ್ತ! ಪಾರ್ಟಿ ಗುರುತಲ್ವಾ? ಪೇಪರ್ ಅಂಟ್ಸಿ ಮುಚ್ಚಿ.”

“ಪೇಪರ್ ಯಾಕೆ ಸಾರ್? ಹೇಗಿದ್ರೂ ಸುಣ್ಣ ಹೊಡೆಯೋರು ಬಂದಿದ್ದಾರೆ, ಹೊಡೆಸೇ ಬಿಡ್ತೀನಿ” ಎಂದಳು ದಾಕ್ಷಾಯಣಿ. ಸಾಹೇಬರು ಮೆಚ್ಚಿ ತಲೆಯಾಡಿಸಿದರು.

ಕಂಟ್ರಾಕ್ಟರ್ ಕಳಿಸಿದ್ದ ಆಳು ಮಾತು ಕಡಿಮೆಯ ಮನುಷ್ಯ. ಗೋಡೆಯ ಅಂಗೈಗಳು ಒಂದೊಂದಾಗಿ ಬಿಳಿಯಾಗುತ್ತ ಹೋದವು. ಮೂಲೆಯಲ್ಲೊಂದು ನೀಲಿ ಅಂಗೈ ಮಾತ್ರ ಉಳಿದಾಗ ಅವನು ಬ್ರಷ್ ಇಳಿಸಿ ಕೇಳಿದ: “ಇದೂನಾ ಮೇಡಂ?”

ಅದರ ಕೆಳಗೆ ‘ಲಿಖಿತಾ’ ಎಂದು ಬರೆದಿತ್ತು. ಲಿಖಿತಾ ಕಳೆದ ಮಳೆಗಾಲದಲ್ಲಿ ಡೆಂಗಿ ಜ್ವರದಿಂದ ತೀರಿಕೊಂಡ ಮಗು. ಅವಳ ತಾಯಿ ಕರಿಬಸಮ್ಮ ಬಸ್ ಸ್ಟ್ಯಾಂಡ್ ಹತ್ತಿರದ ಖಾನಾವಳಿಗೆ ರೊಟ್ಟಿ ತಟ್ಟಲು ಹೋಗುವಾಗ ಆಗಾಗ ಶಾಲೆಯೊಳಗೆ ಬಂದು, ಆ ನೀಲಿಯ ಮೇಲೆ ತನ್ನ ಅಂಗೈಯಿಟ್ಟು ಒಂದು ಗಳಿಗೆ ನಿಂತು, ಯಾರಿಗೂ ಏನೂ ಹೇಳದೆ ಹೊರಟುಹೋಗುತ್ತಿದ್ದಳು. ದಾಕ್ಷಾಯಣಿಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು.

ಒಂದು ಹಾಳೆ ಅಂಟಿಸಿದ್ದರೆ ಸಾಕಿತ್ತು, ಸಾಹೇಬರೇ ಹೇಳಿದ್ದರು. ಆದರೆ ಅವರಿನ್ನೂ ಬಾಗಿಲಲ್ಲೇ ಫೋನಿನಲ್ಲಿ ಮಾತಾಡುತ್ತ ನಿಂತಿದ್ದರು. ಆಡಿದ ಮಾತನ್ನು ಅವರೆದುರೇ ಬದಲಿಸುವುದು ಹೇಗೆ? “ಎಲ್ಲಾನೂ ಹೊಡೀರಿ” ಎಂದಳು.

ಆಳು ಕದಲಲಿಲ್ಲ. “ಇದೊಂದಕ್ಕೆ ಪೇಪರ್ ಹಚ್ಬೋದಲ್ವಾ ಮೇಡಂ?”

“ಎಷ್ಟು ಸಲ ಹೇಳ್ಬೇಕು ಮಾರಾಯ? ಬೇಗ ಮುಗ್ಸು” ಎಂದು ರೇಗಿದಳು. ಅವನು ಬಗ್ಗಿ ಬ್ರಷ್ ಅದ್ದಿದ. ಅವಳು ಅತ್ತ ನೋಡಲಾರದೆ ಹೊರಗೆ ಬಂದಳು.

ಶಿವಮೊಗ್ಗದ ಬಸ್ಸು ಹಿಡಿದು ದುರ್ಗಿಗುಡಿಯ ಮನೆ ಸೇರಿದಳು. ಕರಿಬಸಮ್ಮನಿಗೆ ಏನು ಹೇಳಲಿ ಎಂದು ಹತ್ತಾರು ಥರ ಯೋಚಿಸಿದಳು. ಹೊಳೆದದ್ದೆಲ್ಲ ನುಣುಚಿಕೊಳ್ಳುವ ದಾರಿಗಳೇ. ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು. ಹೇಸಿಗೆಯಾದರೂ ಅವುಗಳಲ್ಲೇ ಒಂದನ್ನು ಆರಿಸಿಟ್ಟುಕೊಂಡಳು.

ಮತದಾನದ ದಿನ ಬೆಳಿಗ್ಗೆಯೇ ಬಿಸಿಲು ಚುರುಗುಟ್ಟುತ್ತಿತ್ತು. ದಾಕ್ಷಾಯಣಿ ಸಾಲಿನಲ್ಲಿ ನಿಂತವರಿಗೆ ನೀರು ಕೊಡಿಸುತ್ತ ಓಡಾಡುತ್ತಿದ್ದಾಗ ಕರಿಬಸಮ್ಮ ಬಂದಳು. ಮತಗಟ್ಟೆಯಾಗಿದ್ದ ನಲಿಕಲಿ ಕೋಣೆಯಲ್ಲಿ ಬೆರಳಿಗೆ ಮಸಿ ಹಚ್ಚಿಸಿಕೊಂಡು ವೋಟು ಹಾಕಿದವಳು ಹೊರಗೆ ಬರುವ ಬದಲು ನೆಟ್ಟಗೆ ಆ ಮೂಲೆಗೆ ಹೋದಳು. ಬರೀ ಬಿಳಿ ಗೋಡೆ. ಆದರೂ ಜಾಗ ತಪ್ಪದೆ ಅಲ್ಲೇ ಅಂಗೈಯಿಟ್ಟಳು. “ಏನಮ್ಮಾ, ಬಾಗಿಲು ಈ ಕಡೆ” ಎಂದು ಚುನಾವಣಾ ಸಿಬ್ಬಂದಿ ಕೂಗಿದರು.

ಜಗಲಿಯಲ್ಲಿ ದಾಕ್ಷಾಯಣಿ ಅವಳನ್ನು ಅಡ್ಡಗಟ್ಟಿದಳು. ಆರಿಸಿಟ್ಟುಕೊಂಡ ಮಾತು ತಾನಾಗಿಯೇ ಬಾಯಿಗೆ ಬಂತು. “ಕರಿಬಸಮ್ಮಾ, ನಾನಿಲ್ಲದಾಗ ಆ ಸುಣ್ಣ ಹೊಡೆಯೋನು ಹಿಂದೆ ಮುಂದೆ ನೋಡದೆ ಹೊಡೆದುಬಿಟ್ಟಿದ್ದಾನೆ. ಅಂಥವರಿಗೆ ಏನು ಗೊತ್ತಾಗುತ್ತೆ ಹೇಳು?”

ಕರಿಬಸಮ್ಮ ಅವಳ ಮುಖವನ್ನೇ ನೋಡಿದಳು. “ಅವ್ರು ನಮ್ಮ ಯಜಮಾನ್ರು ಮೇಡಂ. ನಿಮಗೆ ಗುರ್ತಿಲ್ಲ, ಶಾಲೆಗೆ ಯಾವಾಗ್ಲೂ ನಾನೇ ಬರ್ತಿದ್ದೆ.”

ದಾಕ್ಷಾಯಣಿ ಒಂದು ಹೆಜ್ಜೆ ಹಿಂದೆ ಸರಿದಳು.

“ನಿಮ್ಮನ್ನ ಎರಡು ಸಲ ಕೇಳ್ದೆ ಅಂದ್ರು. ಅವತ್ತು ಮನೆಗೆ ಬಂದು ಸುಣ್ಣದ ಕೈನೂ ತೊಳೀದೆ ಕೂತಿದ್ರು. ಅಲ್ಲೇ ಗಂಡಸರ ಸಾಲಲ್ಲಿ ನಿಂತಿದ್ದಾರೆ ನೋಡಿ.” ಅಷ್ಟು ಹೇಳಿ ಕರಿಬಸಮ್ಮ ಗೇಟಿನ ಕಡೆ ನಡೆದಳು.

ಅವನು ಬಿಸಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ. ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು ದಾಕ್ಷಾಯಣಿಗೆ. ಒಂದು ಲೋಟ ನೀರು ಹಿಡಿದು ಅವನ ಹತ್ತಿರ ಹೋದಳು. ಅವನು ಲೋಟ ತೆಗೆದುಕೊಂಡ, ಕುಡಿಯಲಿಲ್ಲ.

“ಆ ಮೂಲೇಲಿ ಒಂದೇ ಕೋಟ್ ಹೊಡ್ದಿದ್ದೆ ಮೇಡಂ, ತೆಳ್ಳಗೆ” ಎಂದ ಮೆಲ್ಲಗೆ. “ಒಣಗಿದ್ಮೇಲೆ ನೀಲಿ ಏನಾದ್ರೂ ಕಾಣ್ತಿದೆಯಾ?”

“ಇಲ್ಲ” ಎಂದಳು ದಾಕ್ಷಾಯಣಿ. “ಏನೂ ಕಾಣಲ್ಲ.”

ಸಾಲು ಮುಂದೆ ಸರಿಯಿತು. ಅವನು ಲೋಟವನ್ನು ಅವಳ ಕೈಗೇ ಕೊಟ್ಟು, ಗೋಡೆ ನೋಡಲು ಒಳಗೆ ಹೋದ.