ಅವ್ವನ ಕೈ ರೊಟ್ಟಿ

“ಏ ದ್ರೌಪತಿ, ತಲಿ ತಗ್ಗಿಸು, ಬೋಸುಡಿ. ಕೂದ್ಲ ಕಾಣಾಕತ್ತದ. ಕೈ ಅಷ್ಟ ಮುಂದ ತಾ.”

ಬಸವಣಪ್ಪ ಸಾಹುಕಾರ ಬೈದ ಹೊಡೆತಕ್ಕೆ ದ್ರೌಪತಿ ಇನ್ನಷ್ಟು ಮುದುಡಿದಳು. ಅವಳ ಮುಂದೆ ಮಣೆಯ ಮೇಲೆ ಸಾಹುಕಾರನ ತಾಯಿ ಶಕುಂತಲಾಬಾಯಿ ಕೂತಿದ್ದಳು. ಹಣೆಗೆ ವಿಭೂತಿ, ಮೈಗೆ ಇಳಕಲ್ ಸೀರೆ, ಎರಡೂ ಕೈ ಸೆರಗಿನೊಳಗೆ. ಆಕೆಯ ಸೆರಗಿನ ಹಿಂದೆ ಕುಕ್ಕರಗಾಲಲ್ಲಿ ಕೂತ ದ್ರೌಪತಿ, ಆಕೆಯ ಎರಡೂ ಕಂಕುಳ ಕೆಳಗಿಂದ ತೋಳು ತೂರಿಸಿ ಜೋಳದ ಹಿಟ್ಟಿನ ಮೇಲೆ ಕೈ ಇಟ್ಟಿದ್ದಳು. ಮೈಗೆ ಮೈ ತಗಲದಿರಲೆಂದು ನಡುವೆ ಪ್ಲಾಸ್ಟಿಕ್ ಹಾಳೆ.

“ತಗಲಾಕತ್ತದೋ ಬಸವಣ್ಣಿ. ಮತ್ತ ತಲಿಮ್ಯಾಲ ನೀರ್ ಹಾಕೋಬೇಕ ನಾ.”

“ಜರಾ ಸೈಸ್ಕೋ ಅವ್ವಾ.”

ಹುಮನಾಬಾದಿನಲ್ಲಿ ಸಾಹುಕಾರನ ರೊಟ್ಟಿ ಕಂಪನಿಯ ತಗಡಿನ ಶೆಡ್ಡಿನಲ್ಲಿ ದ್ರೌಪತಿ, ಸೊಸೆ ರತ್ನಮಾಲಾ ಇಬ್ಬರೂ ಗ್ಯಾಸಿನ ಭಟ್ಟಿಯ ಮುಂದೆ ದಿನವಿಡೀ ರೊಟ್ಟಿ ತಟ್ಟುತ್ತಿದ್ದರು. ‘ಶೂಟಿಂಗ್ ಅದ, ಜಳಕ ಮಾಡಿ ಬಾ’ ಎಂದು ಸಾಹುಕಾರ ಹೇಳಿಕಳಿಸಿದಾಗ ದ್ರೌಪತಿ ರೊಟ್ಟಿ ಪಾಕೀಟಿನ ಮೇಲೆ ತನ್ನ ಮುಖವೇ ಬರುತ್ತದೆಂದು ತಿಳಿದಳು. ತನ್ನೂರು ಮುಡಬಿಯ ಓಣಿಗೆಲ್ಲ ಹೇಳಿಯೂ ಬಿಟ್ಟಳು. ರತ್ನಮಾಲಾ ತನ್ನ ಮದುವೆ ಸೀರೆ ಉಡಿಸಿ, “ಹಲ್ಲ ಕಾಣದಂಗ ನಗ್ರಿ ಅತ್ತಿ,” ಎಂದು ಆಟೋ ಹತ್ತಿಸಿದ್ದಳು.

ಇಲ್ಲಿ ನೋಡಿದರೆ ಥರ್ಮಕೋಲಿನ ಒಲೆ. ಅದಕ್ಕೆ ಕೆಮ್ಮಣ್ಣಿನ ಬಣ್ಣ, ಹೊಗೆಗೆ ಊದಿನಕಡ್ಡಿ. ಮೊದಲು ಶಕುಂತಲಾಬಾಯಿಯೇ ತಟ್ಟಲು ಕೂತಾಗ ರೊಟ್ಟಿಗಳೆಲ್ಲ ಹರಿದು ಕೈಗಂಟಿದ್ದವು. ದ್ರೌಪತಿ ಧೈರ್ಯ ಮಾಡಿ, “ನಾನಽ ಮುಂದ ಕುಂತ್ರ ಹ್ಯಾಂಗ್ರಿ?” ಎಂದು ಕೇಳಿದ್ದಳು.

“ನಿನ್ನ ಮಾರಿ ನೋಡಿ ಯಾವ ಭಾಡ್ಯಾ ರೊಟ್ಟಿ ಒಯ್ತಾನ? ಯಾವ ಓಣಿ ಕೈ ಅಂತ ಗೊತ್ತಾದ್ರ ಕಂಪನಿಗಿ ಕೀಲಿ. ಒಲ್ಲೆಂದ್ರ ನಡಿ. ನಾಳಿಂದ ನೀನೂ ಬ್ಯಾಡ, ನಿನ್ನ ಸೊಸಿನೂ ಬ್ಯಾಡ,” ಎಂದಿದ್ದ ಸಾಹುಕಾರ.

ಇಬ್ಬರ ಕೂಲಿಯ ಮೇಲೆಯೇ ಮನೆ ನಿಂತಿತ್ತು. ದ್ರೌಪತಿ ಕೈ ತೊಳೆದು ಹಿಂದೆ ಹೋಗಿ ಕೂತಿದ್ದಳು.

“ಸಿಟಿ ಜನ ರೊಟ್ಟಿ ಕೊಳ್ಳಲ್ಲ ಸರ್, ಅಮ್ಮನ್ನ ಕೊಳ್ತಾರೆ,” ಎಂದ ಬೆಂಗಳೂರಿನಿಂದ ಬಂದಿದ್ದ ಜಾಹೀರಾತಿನ ಗುರುಲಿಂಗ. “ಹೂಂ, ಕ್ಯಾಮೆರಾ ಆನ್. ಅಮ್ಮಾ, ನಗ್ತಾ ಹೇಳಿ.”

ಸೆರಗಿನ ಕತ್ತಲಲ್ಲಿ ದ್ರೌಪತಿಗೆ ಉಸಿರು ಕಟ್ಟುತ್ತಿತ್ತು. ಕೈ ಮಾತ್ರ ತಮ್ಮ ಪಾಡಿಗೆ ರೊಟ್ಟಿಯನ್ನು ತಿರುಗಿಸಿ ತಿರುಗಿಸಿ ತಟ್ಟುತ್ತಿದ್ದವು.

ಶಕುಂತಲಾಬಾಯಿಯ ದನಿಗೆ ಬೆಲ್ಲ ಬಂತು. “ನಮ್ಮ ಮನಿ ರೊಟ್ಟಿರಿ ಇದು. ನನ್ನ ಈ ಕೈಲೇ ತಟ್ಟೇನಿ. ಹೊರಗಿನವ್ರು ಯಾರೂ ಮುಟ್ಟಿಲ್ಲ.”

ಕೈಗಳು ನಿಂತವು.

“ತಟ್ಟು,” ಬಸವಣಪ್ಪ ಹಲ್ಲು ಕಡಿದ.

ಹಿಟ್ಟು ಮೆತ್ತಿದ ಬಲಗೈ ಮೇಲೆದ್ದಿತು. ತನ್ನದೇ ಮುಖದ ಬೆವರು ಒರೆಸಿಕೊಳ್ಳುವವರ ಹಾಗೆ ಸಾವಕಾಶ ಏರಿ, ಶಕುಂತಲಾಬಾಯಿಯ ಕೆನ್ನೆಯ ಮೇಲೆ ಐದೂ ಬೆರಳು ಊರಿ ಕೂತಿತು. ಮುದುಕಿಯ ನಗು ತುಟಿಯಲ್ಲೇ ಸಿಕ್ಕಿಬಿತ್ತು.

“ಆಹಾ, ಯಾರೂ ಅಲ್ಲಾಡಬೇಡಿ,” ಎಂದ ಗುರುಲಿಂಗ. “ಕಣ್ಣಲ್ಲಿ ನೀರೂ ಬರ್ತಿದೆ. ಅಮ್ಮ ಅಂದ್ರೆ ಇದು. ಹಾಗೇ ಇರಿ.”

ಬಸವಣಪ್ಪ ನುಗ್ಗಿ ಬಂದವನು ಕ್ಯಾಮೆರಾ ಕಂಡು ಅಲ್ಲೇ ನಿಂತ. “ತಗಿ, ಸೂಳೆಮಗಳ.” ತುಟಿ ಅಲ್ಲಾಡಿತು, ದನಿ ಹೊರಡಲಿಲ್ಲ.

ದ್ರೌಪತಿ ತೆಗೆಯಲಿಲ್ಲ. ಎಡಗೈಯನ್ನೂ ಎತ್ತಿದಳು.