ಪೆರ್ದೊಮೊಗೆ ಬೆನ್ನು ತಿರುಗಿಸಿದ ದಿನ

ಫುಟ್‌ಬಾಲ್ ಕಪ್ ಪಂದ್ಯಾವಳಿಯ ಚೀಟಿ ಎತ್ತಿದಾಗ ಲುಸೆರೊ ಕ್ಲಬ್ಬಿಗೆ ಎದುರಾಳಿಯಾಗಿ ಬಂದದ್ದು ಕೊಲ್ಲಿಯಾಚೆಯ ದೊಡ್ಡ ಕ್ಲಬ್ಬು. ರೇಡಿಯೊ ಆ ಹೆಸರು ಹೇಳಿದಾಗ ಸುಲ್ಮಾ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಕೈ ಅಲ್ಲೇ ನಿಂತಿತು. ಅಂದರೆ ಪೆರ್ದೊಮೊ ಬರುತ್ತಾನೆ. ಈ ಸೆರ್ರೊ ಗುಡ್ಡಕ್ಕೆ, ನಮ್ಮದೇ ಮೈದಾನಕ್ಕೆ, ಅವರ ಕೋಟು ತೊಟ್ಟುಕೊಂಡು.

ಸ್ವಲ್ಪ ಹೊತ್ತಿಗೆಲ್ಲ ಮೈದುನ ವಿಲ್ಮಾರ್ ಏದುಸಿರು ಬಿಡುತ್ತ ಬಂದ.

"ಕೇಳಿದ್ರಾ ಅತ್ತಿಗೆ? ದೇವರು ಇದಾನೆ! ಕಳ್ಳನನ್ನ ಮನೆ ಬಾಗಿಲಿಗೇ ಎಳ್ಕೊಂಡು ಬರ್ತಿದಾನೆ."

"ಕೇಳ್ದೆ. ಕೂತ್ಕೊ, ಊಟ ಮಾಡು."

"ಊಟ ಯಾರಿಗೆ ಬೇಕು! ಅವನು ಹೊರಗೆ ಬಂದ ತಕ್ಷಣ ಇಡೀ ಗ್ಯಾಲರಿ ಬೆನ್ನು ತಿರುಗಿಸಿ ನಿಲ್ಲಬೇಕು ಅಂತ ಮಾತಾಗಿದೆ. ಬೈಗುಳ ಇಲ್ಲ, ಸಿಳ್ಳೆ ಇಲ್ಲ. ಬರೀ ಬೆನ್ನು. ನೀವು ಬರಲೇಬೇಕು. ನಿಮ್ಮ ಬೆನ್ನು ನೋಡಿದ್ರೆ ಅವನ ಎದೆ ಒಡೀಬೇಕು."

ಬೇರೆ ಯಾರ ಬೆನ್ನಿಗೂ ಇಲ್ಲದ ಬೆಲೆ ತನ್ನ ಬೆನ್ನಿಗೆ ಯಾಕೆ ಎಂದು ಸುಲ್ಮಾ ಕೇಳಲಿಲ್ಲ. ಗುಡ್ಡಕ್ಕೆಲ್ಲ ಗೊತ್ತಿದ್ದ ಸಂಗತಿ ಅದು.

ಲುಸೆರೊ ಎಷ್ಟು ಕಾಲದಿಂದ ಎರಡನೇ ದರ್ಜೆಯಲ್ಲಿ ಕೊಳೆಯುತ್ತಿತ್ತೆಂದರೆ, ಮೊದಲ ದರ್ಜೆಯಲ್ಲಿ ಅದು ಆಡಿದ್ದನ್ನು ಕಂಡವರೆಲ್ಲ ತಲೆ ನರೆತವರೇ. ಯಾರೂ ಬರಲೊಲ್ಲದ ಹೊತ್ತಿನಲ್ಲಿ ಕೋಚ್ ಆಗಿ ಬಂದವನು ಇಲ್ದೆಫೊನ್ಸೊ ಪೆರ್ದೊಮೊ. ಇದೇ ಗುಡ್ಡದವನು, ಕಸಾಯಿಖಾನೆಯ ಕೆಲಸಗಾರನ ಮಗ. ಜನ ಅವನನ್ನು 'ಪ್ರೊಫೆ' ಎಂದು ಕರೆದರು, ಮೇಷ್ಟ್ರೇ ಅನ್ನುವ ಹಾಗೆ. ಆಟಗಾರರ ಜೊತೆ ಸೇರಿ ಬಟ್ಟೆ ಬದಲಿಸುವ ಕೋಣೆಗೆ ತಾನೇ ಸುಣ್ಣ ಬಳಿದ. ಎರಡನೇ ವರ್ಷದ ಕೊನೆಗೆ ತಂಡ ಮೇಲೆ ಹತ್ತಿತು. ಆವತ್ತು ಸುಲ್ಮಾಳ ಗಂಡ ಎಬೆರ್ ಬೇಲಿ ಹಾರಿ ಮೈದಾನಕ್ಕಿಳಿದು ಹುಲ್ಲಿಗೆ ಮುತ್ತಿಟ್ಟಿದ್ದ. ಹರಕೆ ಹೊತ್ತಿದ್ದ ವಿಲ್ಮಾರ್ ತನ್ನ ದಪ್ಪ ಮೀಸೆ ಬೋಳಿಸಿಕೊಂಡು ಮನೆಗೆ ಹೋದರೆ ಅವನ ನಾಯಿಯೇ ಅವನನ್ನು ಕಂಡು ಬೊಗಳಿತ್ತು.

ಆ ಸಂತೋಷ ಆರುವ ಮೊದಲೇ ಎಬೆರ್‌ನ ಗಂಟಲಲ್ಲಿ ಗಡ್ಡೆ ಕಾಣಿಸಿತು. ಗ್ಯಾಲರಿಯಿಂದ ಅವನು ಕೂಗಿದರೆ ಲೈನ್ಸ್‌ಮನ್ ತಿರುಗಿ ನೋಡಬೇಕು, ಅಂಥ ಗಂಟಲು. ಅದನ್ನೇ ಕೊಯ್ದರು. ಮಾತು ಹೋಯಿತು. ಆಗ ಪೆರ್ದೊಮೊ ಪ್ರತಿ ಸೋಮವಾರ, ಭಾನುವಾರದ ಪಂದ್ಯ ಮುಗಿಸಿದ ಮರುದಿನ, ಆಸ್ಪತ್ರೆಗೆ ಬರತೊಡಗಿದ. ಬಗಲಲ್ಲಿ ಬಿಸಿನೀರಿನ ಫ್ಲಾಸ್ಕು, ಕೈಯಲ್ಲಿ ಮಾಟೆ ಅನ್ನುವ ಕಹಿ ಚಹಾ ಕುಡಿಯುವ ಸೋರೆಬುರುಡೆ. ತಟ್ಟೆಯ ಮೇಲೆ ಔಷಧದ ಬಾಟಲಿಗಳನ್ನು ಆಟಗಾರರಂತೆ ನಿಲ್ಲಿಸಿ ಇಬ್ಬರೂ ಪಂದ್ಯವನ್ನು ಮತ್ತೆ ಆಡುತ್ತಿದ್ದರು. ಎಬೆರ್ ಬಾಟಲಿ ಸರಿಸುತ್ತಿದ್ದ, ಪೆರ್ದೊಮೊ ವಾದಿಸುತ್ತಿದ್ದ. ಒಮ್ಮೆ ನರ್ಸು ಬಂದು, "ಈ ಸಿರಪ್ ಬೆಳಿಗ್ಗೆನೇ ಕೊಡಬೇಕಿತ್ತಲ್ರೀ!" ಎಂದು ರೇಗಿದಳು. "ಅದು ಸೆಂಟರ್ ಫಾರ್ವರ್ಡ್ ತಾಯಿ, ಅದನ್ನ ತೆಗೆದ್ರೆ ಗೋಲು ಯಾರು ಹೊಡೀತಾರೆ?" ಅಂದ ಪೆರ್ದೊಮೊ. ಸದ್ದೇ ಇಲ್ಲದೆ ಎಬೆರ್ ಮೈ ಕುಲುಕಿಸಿ ನಕ್ಕಿದ್ದ.

ಅಂಥದೇ ಒಂದು ಸೋಮವಾರ ಸುಲ್ಮಾ ನೇರವಾಗಿ ಕೇಳಿದ್ದಳು. "ಕೊಲ್ಲಿಯಾಚೆಯವರು ನಿನ್ನ ಕರೀತಿದಾರಂತೆ, ಪೇಪರ್‌ನಲ್ಲಿ ಬಂದಿದೆ. ಹೋಗ್ತೀಯಾ?"

"ಎಲ್ಲಿಗೆ ಹೋಗ್ಲಿ ದೋನ್ಯಾ ಸುಲ್ಮಾ? ಅಲ್ಲಿ ನನಗೆ ಇಷ್ಟು ಪ್ರೀತಿಯಿಂದ ಬೈಯೋರು ಯಾರಿದಾರೆ?" ಅಂದ ಅವನು. ದೋನ್ಯಾ ಎಂದರೆ ಅಮ್ಮಾವ್ರೇ ಅಂದ ಹಾಗೆ; ಅವಳನ್ನು ಅವನು ಕರೆಯುತ್ತಿದ್ದದ್ದೇ ಹಾಗೆ.

ಆ ಮಾತನ್ನು ಅವಳು ಬೇಕರಿಯಲ್ಲಿ, ಬಸ್ ನಿಲ್ದಾಣದಲ್ಲಿ, ಚರ್ಚಿನ ಮೆಟ್ಟಿಲ ಮೇಲೆ ಎಲ್ಲರಿಗೂ ಹಂಚಿದಳು. ಪ್ರೊಫೆ ಹೋಗಲ್ಲ, ನನ್ನೆದುರಿಗೇ ಹೇಳಿದಾನೆ ಎಂದಳು. ಜನ ನಂಬಿದರು. ಚಳಿಗಾಲದ ನಡುವೆ, ಆಗಸ್ಟಿನಲ್ಲಿ, ಎಬೆರ್ ತೀರಿಕೊಂಡ. ಶವಪೆಟ್ಟಿಗೆಗೆ ಮುಂದೆ ಹೆಗಲು ಕೊಟ್ಟವನು ಪೆರ್ದೊಮೊ. ಗೋರಿಯ ಮೇಲಿನ ಹೂವು ಬಾಡಿ ಮುಗಿಯುವ ಮೊದಲೇ ಅವನು ಕೊಲ್ಲಿಯಾಚೆ ಸಹಿ ಹಾಕಿದ್ದ. ಹೊಸ ಕೋಚ್ ಕೈಯಲ್ಲಿ ತಂಡ ಒಂದೊಂದೇ ಪಂದ್ಯ ಸೋತು, ಕೊನೆಯ ಭಾನುವಾರ ಮತ್ತೆ ಕೆಳಗೆ ಬಿತ್ತು. ಬೇಕರಿಯಲ್ಲಿ ಸುಲ್ಮಾಳನ್ನು ಯಾರೂ ಏನೂ ಅನ್ನಲಿಲ್ಲ. ಅವಳು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು, ಅಷ್ಟೆ. "ಅಣ್ಣನ ಪೆಟ್ಟಿಗೆ ಹೊತ್ತಾಗಲೇ ಅವನ ಮನಸ್ಸು ಆಚೆ ದಡದಲ್ಲಿತ್ತು," ಅನ್ನುತ್ತಿದ್ದ ವಿಲ್ಮಾರ್. ಸುಲ್ಮಾಳನ್ನು ಕೊರೆಯುತ್ತಿದ್ದದ್ದೂ ಅದೇ.

ಪಂದ್ಯದ ದಿನ ಮೈದಾನ ತುಂಬಿ ತುಳುಕುತ್ತಿತ್ತು. ಸುಲ್ಮಾ ಎಬೆರ್ ನಿಲ್ಲುತ್ತಿದ್ದ ಜಾಗದಲ್ಲೇ, ಅವನ ಮಫ್ಲರ್ ಸುತ್ತಿಕೊಂಡು ನಿಂತಳು. ಪೆರ್ದೊಮೊ ಹೊರಗೆ ಬಂದ. ಕೂದಲು ಬೆಳ್ಳಗಾಗಿತ್ತು, ನಡಿಗೆ ಮಾತ್ರ ಅದೇ, ಸ್ವಲ್ಪ ಎಡಕ್ಕೆ ವಾಲಿದ ಹಾಗೆ. ಇಡೀ ಗ್ಯಾಲರಿ ಒಮ್ಮೆಲೇ ಬೆನ್ನು ತಿರುಗಿಸಿತು. ಸುಲ್ಮಾಳೂ ತಿರುಗಿದಳು. ಕಣ್ಣೆದುರಿಗೆ ಕೊಲ್ಲಿಯ ಬೂದು ನೀರು, ತುಕ್ಕು ಹಿಡಿದ ಹಡಗುಗಳು. ಅಷ್ಟು ಜನರ ನಡುವೆ ಅಂಥ ಮೌನವನ್ನು ಅವಳು ಸ್ಮಶಾನದಲ್ಲೂ ಕಂಡಿರಲಿಲ್ಲ. ವಿಲ್ಮಾರ್ ಗೆಳೆಯರ ಜೊತೆ ಕೆಳಗೆ ಬೇಲಿಯ ಹತ್ತಿರ ನಿಂತಿದ್ದ. ಎಲ್ಲೋ ಕೆಳಗಿನ ಸಾಲಿನಲ್ಲಿ ಯಾರೋ ಒಬ್ಬ ಚಪ್ಪಾಳೆ ತಟ್ಟಿದ. "ಯಾವನೋ ಅವನು?" ಎಂದು ಗದರಿದ್ದು ಕೇಳಿಸಿತು. ಚಪ್ಪಾಳೆ ನಿಂತಿತು.

ಮೊದಲ ಗೋಲು ಲುಸೆರೊ ಹೊಡೆಯಿತು. ಎಲ್ಲರೂ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರೆ ಸುಲ್ಮಾಳ ಕಣ್ಣು ಪೆರ್ದೊಮೊನ ಮೇಲಿತ್ತು. ಚೆಂಡು ಬಲೆಗೆ ಬಿದ್ದ ಕ್ಷಣ ಅವನ ಎರಡೂ ಕೈ ಎದೆಯವರೆಗೆ ಮೇಲೆದ್ದವು. ಮರುಕ್ಷಣ ಅವನು ಅವನ್ನು ಜೇಬಿಗೆ ತುರುಕಿಕೊಂಡ. ಅವಳಿಗೆ ಸಿಟ್ಟು ಬಂತು. ನಮ್ಮ ಮೇಲೆ ಇಷ್ಟು ಪ್ರೀತಿ ಇದ್ದರೆ ಹೋಗಿದ್ದಾದರೂ ಯಾಕೆ?

ಕೊನೆಗೆ ಕೊಲ್ಲಿಯಾಚೆಯವರು ಎರಡು ಗೋಲು ಹೊಡೆದು ಗೆದ್ದರು. ಜನ ತಲೆ ತಗ್ಗಿಸಿ ಇಳಿದುಹೋದರು. ಸುಲ್ಮಾ ಹಿಂದಿನ ಗೇಟಿನ ಹತ್ತಿರ, ಅವರ ಬಸ್ಸು ನಿಂತಿದ್ದ ಕಡೆಗೆ ಹೋದಳು. ಅವಳನ್ನು ಕಂಡು ಕಾವಲಿನ ಪೊಲೀಸ್ ದಾರಿ ಬಿಟ್ಟ. ಪೆರ್ದೊಮೊ ಅವಳನ್ನು ಕಂಡು ನಿಂತ. ಮಫ್ಲರಿನ ಗುರುತು ಹಿಡಿದ.

"ದೋನ್ಯಾ ಸುಲ್ಮಾ..."

"ಒಂದೇ ಮಾತು ಕೇಳ್ತೀನಿ, ಸುಳ್ಳು ಹೇಳಬೇಡ. ಆಸ್ಪತ್ರೆಯಲ್ಲಿ ಎಲ್ಲಿಗೆ ಹೋಗ್ಲಿ ಅಂದ್ಯಲ್ಲ, ಆವತ್ತೇ ನಿನಗೆ ಗೊತ್ತಿತ್ತಾ?"

"ಆವತ್ತು ಇಲ್ಲ. ಮುಂದಿನ ವಾರ ಬಂದು ಕೇಳಿದ್ರು, ನಾನು ಒಪ್ಪಿಕೊಂಡೆ. ಎಬೆರ್‌ಗೆ ಹೇಳಿದ್ದೆ."

"ಎಬೆರ್‌ಗಾ?"

"ಕೊನೆಯ ಸೋಮವಾರ. ನೀವು ಕೆಳಗೆ ಡಾಕ್ಟರ ಹತ್ತಿರ ಹೋಗಿದ್ರಿ. ಹೇಳಿದೆ. ಅವನು ಕಣ್ಣು ಮುಚ್ಕೊಂಡು ಮಲಗಿದ್ದ. ಆಮೇಲೆ ಕೈ ಎತ್ತಿ ಬಾಗಿಲ ಕಡೆಗೆ ಹೀಗೆ ಮಾಡಿದ." ಪೆರ್ದೊಮೊ ಗಾಳಿಯನ್ನು ಅಂಗೈಯಿಂದ ಮೆಲ್ಲಗೆ ದೂಡಿ ತೋರಿಸಿದ. "ಹೋಗು ಅಂದ. ನಿನ್ನ ದಾರಿ ನೀನು ನೋಡ್ಕೊ, ಆಶೀರ್ವಾದ ಇದೆ ಅಂದನೋ, ನನ್ನ ಕಣ್ಣೆದುರಿಂದ ತೊಲಗು ಅಂದನೋ, ನನಗೆ ಇವತ್ತಿಗೂ ಗೊತ್ತಿಲ್ಲ ದೋನ್ಯಾ ಸುಲ್ಮಾ. ನನಗೆ ಬೇಕಾದ ಹಾಗೆ ನಾನು ತಿಳ್ಕೊಂಡೆ. ನೀವು ಅವನ ಹೆಂಡ್ತಿ. ನೀವು ಹೇಳಿ, ಏನಂದ ಅವನು?"

ಅದಾದ ಮೇಲೆ ಎಬೆರ್ ಮೂರು ದಿನ ಬದುಕಿದ್ದ. ಸುಲ್ಮಾಳ ಕೈ ಹಿಡಿದಿದ್ದ, ತಲೆ ಸವರಿದ್ದ, ಕಿಟಕಿ ತೆರೆಯಲು ಸನ್ನೆ ಮಾಡಿದ್ದ. ಇದನ್ನು ಮಾತ್ರ ಹೇಳಿರಲಿಲ್ಲ. ಇಷ್ಟು ದೊಡ್ಡ ನೋವನ್ನೋ, ಇಷ್ಟು ದೊಡ್ಡ ಮನಸ್ಸನ್ನೋ ಅವಳಿಂದ ಮುಚ್ಚಿಟ್ಟುಕೊಂಡು ಹೋಗಿದ್ದ. ಎಬೆರ್ ಸಿಟ್ಟಾದರೂ ಅದೇ ಕೈ, ಪ್ರೀತಿಯಿಂದ ಕಳಿಸಿಕೊಟ್ಟರೂ ಅದೇ ಕೈ. ಮುಖ ನೋಡಿದ್ದರೆ ಅವಳಿಗೆ ತಿಳಿಯುತ್ತಿತ್ತು. ಅವಳು ಅಲ್ಲಿರಲಿಲ್ಲ.

"ನನಗೂ ಗೊತ್ತಿಲ್ಲ," ಎಂದಳು.

ಬಸ್ಸಿನವನು ಹಾರ್ನ್ ಹೊಡೆದ. ಪೆರ್ದೊಮೊ ಬಸ್ ಹತ್ತಿದ. ಅವಳು ಅವನನ್ನು ಕ್ಷಮಿಸಲಿಲ್ಲ, ಶಪಿಸಲೂ ಇಲ್ಲ.

ರಸ್ತೆಯ ಮೂಲೆಯಲ್ಲಿ ವಿಲ್ಮಾರ್ ಕಾಯುತ್ತಿದ್ದ. ಇಬ್ಬರೂ ಗುಡ್ಡದ ಏರು ಹತ್ತತೊಡಗಿದರು.

"ಏನಂದ ಆ ನಾಯಿ?"

"ಏನಿಲ್ಲ. ಹೇಗಿದೀರಿ ಅಂದ."

ವಿಲ್ಮಾರ್ ಉಗುಳಿದ. ನಾಲ್ಕು ಹೆಜ್ಜೆ ನಡೆದವನು ಇದ್ದಕ್ಕಿದ್ದಂತೆ ಯಾರದೋ ಮನೆಯ ಮೆಟ್ಟಿಲ ಮೇಲೆ ಕುಸಿದು ಕೂತ. ಆ ದಪ್ಪ ಮನುಷ್ಯನ ಹೆಗಲು ಅದುರುತ್ತಿತ್ತು.

"ಆ ಚಪ್ಪಾಳೆ ತಟ್ಟಿದನಲ್ಲ, ಅವನನ್ನ ಗದರಿದ್ದು ನಾನೇ ಅತ್ತಿಗೆ. ಯಾಕೆ ಗೊತ್ತಾ? ಇನ್ನೊಂಚೂರು ಹೊತ್ತು ಬಿಟ್ಟಿದ್ರೆ ನಾನೂ ತಟ್ಟಿಬಿಡ್ತಿದ್ದೆ. ಆ ವರ್ಷ ಎಷ್ಟು ಚೆನ್ನಾಗಿತ್ತು! ಅಣ್ಣ ಇದ್ದ, ಪ್ರೊಫೆ ಇದ್ದ, ನಾವು ಮೇಲಿದ್ವಿ."

ಸುಲ್ಮಾ ಅವನ ಪಕ್ಕದಲ್ಲಿ ಕೂತಳು. ಕೆಳಗಿನ ರಸ್ತೆಯಲ್ಲಿ ಬಸ್ಸು ಕೊಲ್ಲಿಯನ್ನು ಬಳಸಿಕೊಂಡು ಪೇಟೆಯ ಕಡೆ ತಿರುಗಿತು. ಅದರ ಕೆಂಪು ದೀಪ ಮರೆಯಾಗುವವರೆಗೂ ಇಬ್ಬರೂ ಅದನ್ನೇ ನೋಡುತ್ತಿದ್ದರು.